ಬೆಟ್ಟದ ಸ್ನೋಮೊಬೈಲ್ ಸವಾರಿ ಮತ್ತು ಬಿಸಿಯಾಗುವ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲ್ಗರಿ, ವ್ಯಾಂಕೂವರ್, ಸಿಯಾಟಲ್, ಡೆನ್ವರ್ ಕಡೆ ನೆಲೆಸಿರುವ ಕನ್ನಡದವರು ಚಳಿಗಾಲ ಬಂತೆಂದರೆ ಕೇಳುವ ಪ್ರಶ್ನೆಗಳಿವು. ಉತ್ತರಗಳನ್ನು ಹೆಚ್ಚಾಗಿ ಪಶ್ಚಿಮ ಕೆನಡಾದ ರೆವೆಲ್‌ಸ್ಟೋಕ್, ಸಿಕಮೂಸ್, ಫರ್ನಿ ಕಡೆಯ ಬೆಟ್ಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೊಂಟಾನಾ, ವಯೋಮಿಂಗ್, ಕೊಲರಾಡೊದಲ್ಲೂ ಗಾಡಿ ಇದೇ. ಹಿಮದ ಸ್ವಭಾವ ಮಾತ್ರ ಸ್ವಲ್ಪ ಬೇರೆ.

ಗುಲ್ಮಾರ್ಗ್‌ನಲ್ಲಿ ಸ್ನೋ ಸ್ಕೂಟರ್ ಓಡಿಸಿದ್ದೇನೆ. ಇದೂ ಅದೇ ಅಲ್ವಾ?

ಅಲ್ಲ. ಗುಲ್ಮಾರ್ಗ್‌ನಲ್ಲಾಗಲಿ ಸೋಲಂಗ್ ಕಣಿವೆಯಲ್ಲಾಗಲಿ ಪ್ರವಾಸಿಗರಿಗೆ ಸಿಗುವುದು ಗೈಡ್ ಜೊತೆಗೆ, ಓಡಾಡಿ ಗಟ್ಟಿಯಾದ ಹಿಮದ ಮೇಲೆ ಒಂದು ಸುತ್ತು. ಮೌಂಟನ್ ಸ್ಲೆಡ್ (ಬೆಟ್ಟದ ಸ್ನೋಮೊಬೈಲ್) ಅನ್ನು ಮಾಡಿರುವುದೇ ಸೊಂಟದವರೆಗೆ ಹೂತುಹೋಗುವ ಹಿಮದಲ್ಲಿ, ದಾರಿಯೇ ಇಲ್ಲದ ಕಡೆ, ಕಡಿದಾದ ಇಳಿಜಾರು ಹತ್ತೋದಕ್ಕೆ. ಸ್ಕೀ-ಡೂ ಸಮಿಟ್, ಪೊಲಾರಿಸ್ ಆರ್‌ಎಂಕೆ, ಆರ್ಕ್ಟಿಕ್ ಕ್ಯಾಟ್‌ನ ಎಂ ಸರಣಿ, ಇವೆಲ್ಲ ಆ ಜಾತಿಯವು. ಗಾಡಿಯನ್ನು ಮುಂದಕ್ಕೆ ತಳ್ಳುವ, ಕೆಳಗೆ ಸುತ್ತುವ ರಬ್ಬರ್ ಪಟ್ಟಿಗೆ ಟ್ರ್ಯಾಕ್ ಅಂತಾರೆ. ಅದು ಸಾಮಾನ್ಯವಾಗಿ 154ರಿಂದ 165 ಇಂಚು ಉದ್ದ. ಅದರ ಮೇಲಿನ ರಬ್ಬರ್ ಹಲ್ಲುಗಳು 2.5ರಿಂದ 3 ಇಂಚು ಎತ್ತರ. ದಾರಿಯ ಮೇಲಷ್ಟೇ ಓಡುವ ಟ್ರೇಲ್ ಸ್ಲೆಡ್‌ಗಳಲ್ಲಿ ಟ್ರ್ಯಾಕ್ ಗಿಡ್ಡ, ಹಲ್ಲು ಇದರ ಅರ್ಧದಷ್ಟು.

ಇನ್ನೊಂದು ವ್ಯತ್ಯಾಸ ಕೂತ ತಕ್ಷಣ ಗೊತ್ತಾಗುತ್ತೆ. ಬೆಟ್ಟದ ಗಾಡಿಯಲ್ಲಿ ಎರಡು ಸ್ಕೀಗಳ ನಡುವಿನ ಅಂತರ ಕಡಿಮೆ. ಒಂದು ಮಗ್ಗುಲಿಗೆ ವಾಲಿಸಿಕೊಂಡು ಓಡಿಸಲಿ ಅಂತಲೇ ಹಾಗೆ ಮಾಡಿರುತ್ತಾರೆ. ದಿನದ ಬಹುಪಾಲು ನೀವು ನಿಂತೇ ಇರುತ್ತೀರಿ. ಸೀಟು ಇದೆ, ಊಟಕ್ಕೆ ಕೂರೋದಕ್ಕೆ ಚೆನ್ನಾಗಿದೆ.

165 ಎಚ್‌ಪಿ ಅಂತಾರೆ. ಅಷ್ಟೊಂದು ಯಾಕೆ? ಟರ್ಬೊ ಬೇಕಾ?

ನಮ್ಮ ಯಮಹಾ ಆರ್‌ಎಕ್ಸ್ 100 ನೆನಪಿದೆಯಾ? ಅದರದ್ದು 11 ಎಚ್‌ಪಿ. ಸ್ಕೀ-ಡೂದ 850 ಇ-ಟೆಕ್ ಎಂಜಿನ್ 849 ಸಿಸಿಯದು, ಅದೂ ಟು-ಸ್ಟ್ರೋಕ್, 165 ಎಚ್‌ಪಿ. ಅಂದರೆ ಹದಿನೈದು ಆರ್‌ಎಕ್ಸ್ 100 ಒಟ್ಟಿಗೆ. ಗಾಡಿಯ ತೂಕ ಪೆಟ್ರೋಲು, ಎಣ್ಣೆ ಎಲ್ಲ ಸೇರಿ ಸುಮಾರು 250 ಕೆ.ಜಿ.

ಆದರೆ ಆ 165 ಸಿಗುವುದು ಸಮುದ್ರಮಟ್ಟದಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತೆ. ಪ್ರತಿ 1,000 ಅಡಿಗೆ ಶೇ 3ರಷ್ಟು ಶಕ್ತಿ ಹೋಗುತ್ತೆ ಅನ್ನೋದು ಸಾಮಾನ್ಯ ಲೆಕ್ಕ. 8,000 ಅಡಿಯಲ್ಲಿ ನಿಮ್ಮ ಕೈಯಲ್ಲಿ ಉಳಿಯೋದು 125ರ ಆಸುಪಾಸು. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬಂದದ್ದೇ ಇದಕ್ಕೆ. ಕಂಪನಿಯಿಂದಲೇ ಟರ್ಬೊ ಕೂರಿಸಿದ ಟು-ಸ್ಟ್ರೋಕ್ ಸ್ಲೆಡ್ ಅನ್ನು ಮೊದಲು ತಂದದ್ದು ಸ್ಕೀ-ಡೂ, 2020ರ ಮಾದರಿಯಲ್ಲಿ. ಎತ್ತರದಲ್ಲೂ ಅದೇ 165 ಎಚ್‌ಪಿ ಉಳಿಸಿಕೊಳ್ಳೋದು ಅದರ ಉದ್ದೇಶವಾಗಿತ್ತು. ಆಮೇಲೆ ಬಂದ ಟರ್ಬೊ ಆರ್ 180ಕ್ಕೆ ಏರಿತು. ಪೊಲಾರಿಸ್ ಕೂಡ ಪೇಟ್ರಿಯಟ್ ಬೂಸ್ಟ್ ಎಂಬ ಟರ್ಬೊ ಎಂಜಿನ್ ತಂದಿತು.

ನನ್ನ ಮಾತು ಕೇಳೋದಾದ್ರೆ ಮೊದಲ ಒಂದೆರಡು ವರ್ಷ ಟರ್ಬೊ ಬೇಡ. ಜಾಸ್ತಿ ಶಕ್ತಿ ನಿಮ್ಮನ್ನು ನಿಮ್ಮ ಅನುಭವಕ್ಕೆ ಮೀರಿದ ಜಾಗಕ್ಕೆ ಬೇಗ ಒಯ್ದುಬಿಡುತ್ತೆ. ಇಳಿದು ಬರುವಾಗ ಎಂಜಿನ್ ಏನೂ ಸಹಾಯ ಮಾಡಲ್ಲ.

ಮೈನಸ್ 15 ಡಿಗ್ರಿ ಚಳಿ. ಇದರಲ್ಲಿ ಎಂಜಿನ್ ಬಿಸಿಯಾಗೋದು ಹೇಗೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಇದು ಅರ್ಥವಾದರೆ ಅರ್ಧ ಸಮಸ್ಯೆ ಮುಗಿಯಿತು.

ಕಾರಿನಲ್ಲಿ ಮುಂದೆ ರೇಡಿಯೇಟರ್ ಇರುತ್ತೆ, ಗಾಳಿ ಬಡಿದು ಕೂಲಂಟ್ ತಣ್ಣಗಾಗುತ್ತೆ. ಮೌಂಟನ್ ಸ್ಲೆಡ್‌ಗಳಲ್ಲಿ ಸಾಮಾನ್ಯವಾಗಿ ಅಂಥ ರೇಡಿಯೇಟರ್ ಇರಲ್ಲ. ಟ್ರ್ಯಾಕ್ ಸುತ್ತುವ ಅಲ್ಯೂಮಿನಿಯಂ ಗೂಡಿಗೆ ಟನಲ್ ಅಂತಾರೆ. ಆ ಟನಲ್‌ನ ಒಳಮೈಗೆ ಅಲ್ಯೂಮಿನಿಯಂ ಕೂಲರ್‌ಗಳನ್ನು ಕೂರಿಸಿರುತ್ತಾರೆ, ಕೂಲಂಟ್ ಅವುಗಳ ಒಳಗೆ ಹರಿಯುತ್ತೆ. ಟ್ರ್ಯಾಕ್ ತಿರುಗುವಾಗ ಕೆಳಗಿನ ಹಿಮವನ್ನು ಎತ್ತಿ ಆ ಕೂಲರ್‌ಗೆ ಬಡಿಯುತ್ತೆ. ಹಿಮ ಅಲ್ಲಿ ಕರಗಿ ನೀರಾಗುತ್ತೆ, ಶಾಖವನ್ನು ಹೊತ್ತುಕೊಂಡು ಹೋಗುತ್ತೆ.

ಕೆಲಸ ಮಾಡುವುದು ಈ ಕರಗುವಿಕೆ, ಬರೀ ಚಳಿಯಲ್ಲ. ಒಂದು ಕೆ.ಜಿ. ಹಿಮ ಕರಗಿ ಸೊನ್ನೆ ಡಿಗ್ರಿಯ ನೀರಾಗುವುದಕ್ಕೆ ಹೀರುವ ಶಾಖ, ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸುವುದಕ್ಕೆ ಬೇಕಾದಷ್ಟು. ಅದಕ್ಕೇ ಮೈನಸ್ 5ರ ಮೆತ್ತನೆ ಹಿಮದಲ್ಲಿ ಎಂಜಿನ್ ಹಾಯಾಗಿರುತ್ತೆ, ಮೈನಸ್ 25ರ ಗಟ್ಟಿ ಮಂಜುಗಡ್ಡೆ ದಾರಿಯಲ್ಲಿ ಕುದಿಯೋದಕ್ಕೆ ಹೋಗುತ್ತೆ. ಗಟ್ಟಿ ದಾರಿಯಲ್ಲಿ ಟ್ರ್ಯಾಕ್‌ಗೆ ಎತ್ತೋದಕ್ಕೆ ಹಿಮವೇ ಸಿಗಲ್ಲ.

ಇದರ ಜೊತೆ ಇನ್ನೊಂದು ಇಕ್ಕಟ್ಟು. ಬೆಟ್ಟದ ಗಾಡಿಯಲ್ಲಿ ತೂಕ ಉಳಿಸೋದಕ್ಕೆ ಕೂಲರ್‌ಗಳನ್ನು ಆದಷ್ಟು ಚಿಕ್ಕದಾಗಿ ಮಾಡಿರುತ್ತಾರೆ. ಹೇಗಿದ್ದರೂ ಹಿಮದೊಳಗೆ ಮುಳುಗಿಯೇ ಓಡುತ್ತಲ್ಲ ಅನ್ನೋದು ಅವರ ಲೆಕ್ಕ. ಆದರೆ ಮೆತ್ತನೆ ಹಿಮದ ಜಾಗ ತಲುಪಬೇಕಾದರೆ ಮೊದಲು ಹತ್ತಿಪ್ಪತ್ತು ಕಿಲೋಮೀಟರ್ ಗಟ್ಟಿ ಅರಣ್ಯ ರಸ್ತೆ ದಾಟಬೇಕು. ಬಿಸಿಯಾಗುವ ತೊಂದರೆ ಹೆಚ್ಚಿನದು ಇದೇ ಹೋಗುವ ಬರುವ ದಾರಿಯಲ್ಲಿ, ಅದರಲ್ಲೂ ಮಾರ್ಚ್ ಏಪ್ರಿಲ್‌ನ ಬೆಳಗ್ಗೆ, ಹಿಂದಿನ ದಿನ ಕರಗಿದ್ದು ರಾತ್ರಿ ಹೆಪ್ಪುಗಟ್ಟಿದಾಗ.

ಈ ಪುಟದ ಉಳಿದ ಭಾಗಕ್ಕೂ ಒಂದು ವಿಷಯ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಗಾಡಿಗೆ ಹಿತವಾದ ಜಾಗ ಅಂದ್ರೆ ಹೊಸ, ಆಳವಾದ, ಮೆತ್ತನೆ ಹಿಮ. ಹಿಮಕುಸಿತ ಆಗುವುದೂ ಅಂಥ ಕಡೆಯೇ. ಎಂಜಿನ್ ಬಿಸಿಯಾಯಿತೆಂದು ದಾರಿ ಬಿಟ್ಟು ಪಕ್ಕದ ಮೆತ್ತನೆ ಹಿಮಕ್ಕೆ ಇಳಿಸುವಾಗ ಮೀಟರ್ ನೋಡುತ್ತಿರಬೇಡಿ. ತಲೆ ಎತ್ತಿ ಮೇಲಿನ ಇಳಿಜಾರು ನೋಡಿ.

ಎಷ್ಟು ಡಿಗ್ರಿವರೆಗೆ ಸರಿ?

ಆಳವಾದ ಹಿಮದಲ್ಲಿ ಓಡುವಾಗ ಕೂಲಂಟ್ ಸಾಮಾನ್ಯವಾಗಿ 45ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತೆ. ಅಮೆರಿಕದ ಗಾಡಿಯಾದರೆ ಮೀಟರ್‌ನಲ್ಲಿ 110ರಿಂದ 140 ಫ್ಯಾರನ್‌ಹೀಟ್ ಅಂತ ಕಾಣುತ್ತೆ. ಗಟ್ಟಿ ದಾರಿಯಲ್ಲಿ 70 ದಾಟುವುದು ಹೊಸದೇನಲ್ಲ. ಆಗಿನಿಂದಲೇ ಹಿಮ ಹುಡುಕಲು ಶುರು ಮಾಡಿ, ದೀಪ ಹತ್ತುವವರೆಗೆ ಕಾಯಬೇಡಿ. ದೀಪ ಯಾವ ಡಿಗ್ರಿಗೆ ಹತ್ತುತ್ತೆ, ಎಂಜಿನ್ ತಾನಾಗೇ ಯಾವಾಗ ಶಕ್ತಿ ತಗ್ಗಿಸುತ್ತೆ ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಮ್ಯಾನ್ಯುಯಲ್‌ನ ಆ ಒಂದು ಪುಟದ ಫೋಟೋ ಫೋನ್‌ನಲ್ಲಿರಲಿ.

ಸಂಖ್ಯೆಗಿಂತ ಅದು ಏರುವ ವೇಗ ನೋಡಿ. ನಿಧಾನಕ್ಕೆ ಏರಿ 65ರಲ್ಲಿ ನಿಂತರೆ ತಲೆಬಿಸಿ ಬೇಡ. ಎರಡು ನಿಮಿಷದಲ್ಲಿ 50ರಿಂದ 80ಕ್ಕೆ ಹಾರಿದರೆ ಹಿಮದ ಕೊರತೆಗಿಂತ ಹೆಚ್ಚಿನದೇನೋ ಕೆಟ್ಟಿದೆ. ಕೂಲಂಟ್ ಸೋರಿರಬಹುದು, ಪಂಪ್ ನಿಂತಿರಬಹುದು.

ದೀಪ ಹತ್ತೇಬಿಟ್ಟಿತು. ಈಗೇನು ಮಾಡಲಿ?

ಮೊದಲು ಥ್ರಾಟಲ್ ಬಿಡಿ. ಹತ್ತಿರದಲ್ಲೇ ಮೆತ್ತನೆ ಹಿಮವಿದ್ದು ಮೇಲೆ ಅಪಾಯದ ಇಳಿಜಾರು ಇಲ್ಲದಿದ್ದರೆ, ನಿಧಾನವಾಗಿ ಅದರೊಳಗೆ ಇಳಿಸಿ ನೂರಿನ್ನೂರು ಮೀಟರ್ ಓಡಿಸಿ. ಎಂಜಿನ್ ಓಡುತ್ತಿದ್ದರೆ ಪಂಪೂ ಓಡುತ್ತೆ, ಕೂಲಂಟ್ ಹರಿಯುತ್ತೆ. ಹೆಚ್ಚಿನ ಸಲ ಕಣ್ಣೆದುರೇ ಸಂಖ್ಯೆ ಇಳಿಯುತ್ತೆ.

ಮೆತ್ತನೆ ಹಿಮ ಇಲ್ಲವಾದರೆ ದಾರಿಯ ಬದಿಗೆ, ಹಿಂದಿನಿಂದ ಬರುವವರಿಗೆ ಕಾಣುವ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಸುಮ್ನೆ ಐಡಲ್‌ನಲ್ಲಿ ಬಿಟ್ಟು ನಿಂತರೆ ಟ್ರ್ಯಾಕ್ ತಿರುಗಲ್ಲ, ಹಿಮ ಬೀಳಲ್ಲ, ಶಾಖ ಮಾತ್ರ ಕೂಡುತ್ತಾ ಹೋಗುತ್ತೆ. ಸಲಿಕೆ ತೆಗೆದು ಟನಲ್ ಮೇಲೆ, ಸೀಟಿನ ಹಿಂದೆ, ಹಿಮ ಗುಡ್ಡೆ ಹಾಕಿ. ಕಾಲಿಡುವ ಹಲಗೆಯ ಮೇಲೂ ಹಾಕಿ, ಎಷ್ಟೋ ಗಾಡಿಗಳಲ್ಲಿ ಕೂಲರ್ ಅದರ ಪಕ್ಕಕ್ಕೇ ಹಾಯ್ದುಹೋಗಿರುತ್ತೆ. ಕೈಗೆಟುಕಿದರೆ ಟ್ರ್ಯಾಕ್ ಮೇಲಕ್ಕೂ ಒಂದಷ್ಟು ತಳ್ಳಿ. ಮೊದಲ ಗುಡ್ಡೆ ಚುರ್ ಅನ್ನುತ್ತಾ ಅಂಚಿನಿಂದ ನೀರಾಗಿ ಇಳಿಯುತ್ತೆ. ಎರಡನೆಯದು ನಿಧಾನ. ಹಿಮ ಕರಗದೆ ಕೂತಿತು ಅಂದರೆ ಕೂಲರ್ ತಣ್ಣಗಾಗಿದೆ ಎಂದರ್ಥ.

ಆದರೆ ಆಗ ತಣ್ಣಗಾಗಿರುವುದು ಕೂಲರ್‌ನಲ್ಲಿರುವ ಕೂಲಂಟ್ ಮಾತ್ರ. ಎಂಜಿನ್ ಒಳಗಿನದು ಇನ್ನೂ ಬಿಸಿಯೇ, ಏಕೆಂದರೆ ಪಂಪ್ ನಿಂತಿದೆ. ಹಾಗಾಗಿ ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಓಡಿಸಿ. ತಣ್ಣನೆಯದು ಒಳಗೆ ಹೋಗಿ ಬಿಸಿಯದು ಹಿಂದಕ್ಕೆ ಬರುತ್ತೆ. ಮತ್ತೆ ಆಫ್ ಮಾಡಿ, ಮತ್ತೆ ಹಿಮ ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ಹೊರಡಬಹುದು.

ಮಾಡಬಾರದ್ದು ಎರಡಿದೆ. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ಬಿಸಿ ದ್ರವ ಮುಖಕ್ಕೆ ಹಾರುತ್ತೆ. ಬೆಟ್ಟದ ಮೇಲೆ ನೀರು ಕುದಿಯುವ ಮಟ್ಟವೇ ಕೆಳಗಿದೆ (10,000 ಅಡಿಯಲ್ಲಿ ಸುಮಾರು 90 ಡಿಗ್ರಿ), ಅದನ್ನು ತಡೆದಿರುವುದೇ ಆ ಮುಚ್ಚಳದ ಒತ್ತಡ. ಎರಡನೆಯದು, ಸೈಡ್ ಪ್ಯಾನೆಲ್ ತೆಗೆದು ಎಂಜಿನ್ ಮೇಲೋ ಸೈಲೆನ್ಸರ್ ಮೇಲೋ ನೇರವಾಗಿ ಹಿಮ ಸುರಿಯಬೇಡಿ. ಬಿಸಿ ಲೋಹಕ್ಕೆ ಒಮ್ಮೆಲೇ ತಣ್ಣನೆಯದು ಬಿದ್ದರೆ ಬಿರುಕು ಬಿಡಬಹುದು.

ಸ್ಕ್ರ್ಯಾಚರ್ ಹಾಕಿಸಲೇಬೇಕಾ?

ಹಾಕಿಸಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸ್ಕ್ರ್ಯಾಚರ್ ಅಂದರೆ ಟ್ರ್ಯಾಕ್ ಒಳಗಿನ ರೈಲ್‌ಗೆ (ಟ್ರ್ಯಾಕ್ ಜಾರಿಕೊಂಡು ಸುತ್ತುವ ಉದ್ದನೆ ಲೋಹದ ಪಟ್ಟಿ) ಜೋಡಿಸಿದ ಎರಡು ಸ್ಪ್ರಿಂಗ್ ಕಡ್ಡಿಗಳು. ಕೆಳಗೆ ಬಿಟ್ಟರೆ ಅವುಗಳ ತುದಿ ಗಟ್ಟಿ ದಾರಿಯನ್ನು ಕೆರೆಯುತ್ತೆ, ಪುಡಿಯಾದ ಹಿಮ ಹಾರಿ ಟ್ರ್ಯಾಕ್‌ಗೂ ಕೂಲರ್‌ಗೂ ಬೀಳುತ್ತೆ. ಇಷ್ಟೇ ಸರಳ. 80ಕ್ಕೆ ಹೋಗುತ್ತಿದ್ದ ಗಾಡಿ ಇದನ್ನು ಬಿಟ್ಟ ಮೇಲೆ 60ರ ಆಸುಪಾಸಿಗೆ ಬಂದು ನಿಲ್ಲುವುದನ್ನು ನೀವೇ ನೋಡಬಹುದು.

ಇನ್ನೊಂದು ಲಾಭವೂ ಇದೆ. ಟ್ರ್ಯಾಕ್ ಜಾರುವುದು ರೈಲ್‌ನ ಕೆಳಗಂಚಿಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ. ಹೈಫ್ಯಾಕ್ಸ್ ಅಂತಾರೆ, ಸ್ಲೈಡ್ ಅಂತಲೂ ಅಂತಾರೆ. ಅದಕ್ಕೆ ಎಣ್ಣೆ, ಗ್ರೀಸು ಏನೂ ಇಲ್ಲ, ಹಿಮವೇ ಜಾರುವ ವಸ್ತು. ಹಿಮ ಸಿಗದಿದ್ದರೆ ಪ್ಲಾಸ್ಟಿಕ್ ಕರಗಿ ಟ್ರ್ಯಾಕ್‌ನ ಕ್ಲಿಪ್‌ಗಳಿಗೆ ಅಂಟುತ್ತೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಕೂಲಂಟ್ ಎಷ್ಟೇ ತಣ್ಣಗಿದ್ದರೂ ನಿಲ್ಲಿಸಿ.

ಗಾಡಿ ಇಳಿಸಿದ ಜಾಗದಲ್ಲೇ ಸ್ಕ್ರ್ಯಾಚರ್ ಕೆಳಗೆ ಬಿಡಿ, ಆಳವಾದ ಹಿಮ ತಲುಪಿದ ಮೇಲೆ ಎತ್ತಿ ಕೊಕ್ಕೆಗೆ ಸಿಕ್ಕಿಸಿ. ರಿವರ್ಸ್ ಹಾಕುವಾಗ ಜೋಪಾನ. ಗಟ್ಟಿ ಕಡ್ಡಿಯ ಸ್ಕ್ರ್ಯಾಚರ್ ಹಿಂದಕ್ಕೆ ಹೋದರೆ ನೆಲಕ್ಕೆ ಕಚ್ಚಿ ಬಾಗುತ್ತೆ, ಮುರಿಯುತ್ತೆ. ಕೇಬಲ್ ತರಹದ್ದು ಬಳುಕುವುದರಿಂದ ತಡೆದುಕೊಳ್ಳುತ್ತೆ, ನನಗೆ ಅದೇ ಇಷ್ಟ.

ಸ್ಕ್ರ್ಯಾಚರ್ ಇದ್ದರೂ ಬಿಸಿಯಾಗುತ್ತಿದೆಯಲ್ಲ?

ಮೊದಲು ಹಿಂದಿನ ಸ್ನೋ ಫ್ಲಾಪ್ ನೋಡಿ. ಚೆನ್ನಾಗಿ ಕಾಣಲಿ ಎಂದೋ, ರಿವರ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಎಂದೋ ಅದನ್ನು ಕತ್ತರಿಸಿರುತ್ತಾರೆ. ಹಳೇ ಗಾಡಿ ಕೊಂಡವರಿಗೆ ಇದು ಗೊತ್ತೇ ಇರಲ್ಲ. ಟ್ರ್ಯಾಕ್ ಎತ್ತಿದ ಹಿಮವನ್ನು ಹೊರಗೆ ಹಾರಿಹೋಗದಂತೆ ತಡೆದು ಕೂಲರ್ ಕಡೆಗೆ ತಿರುಗಿಸುವುದೇ ಆ ಫ್ಲಾಪ್.

ಆಮೇಲೆ ಕೂಲಂಟ್ ಮಟ್ಟ ನೋಡಿ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಕಡಿಮೆಯಾಗಿದ್ದರೆ ಎಲ್ಲಿ ಸೋರಿತು ಹುಡುಕಿ. ಟನಲ್‌ನ ಒಳಗೆ ಕಲ್ಲೋ ಮರದ ಬೇರೋ ಬಡಿದು ಕೂಲರ್ ತೂತಾಗಿರಬಹುದು, ಪೈಪಿನ ಕ್ಲಾಂಪ್ ಸಡಿಲವಾಗಿರಬಹುದು. ಹೊಸದಾಗಿ ಕೂಲಂಟ್ ತುಂಬಿಸಿದ್ದರೆ ಒಳಗೆ ಗಾಳಿ ಉಳಿದಿರುವುದು ಸಾಮಾನ್ಯ. ಕೂಲರ್‌ಗಳು ಉದ್ದಕ್ಕೆ ಮಲಗಿರುವುದರಿಂದ ಗಾಳಿ ಒಂದು ತುದಿಯಲ್ಲಿ ಕೂತುಬಿಡುತ್ತೆ, ಗಾಡಿಯ ಮುಂಭಾಗ ಎತ್ತಿ ಅದನ್ನು ಹೊರಹಾಕಬೇಕಾಗುತ್ತೆ.

ತುಂಬಿಸುವುದು ಅರ್ಧಕ್ಕರ್ಧ ಗ್ಲೈಕಾಲ್, ಅರ್ಧಕ್ಕರ್ಧ ನೀರು ಇರುವ ಮಿಶ್ರಣ. ಅದು ಮೈನಸ್ 37ರ ಹತ್ತಿರದವರೆಗೆ ಹೆಪ್ಪುಗಟ್ಟಲ್ಲ. ಬೆಟ್ಟದ ಮೇಲೆ ಗತಿಯಿಲ್ಲದೆ ಬರೀ ನೀರು ಹಾಕಿ ಇಳಿದು ಬಂದಿದ್ದರೆ, ಆ ರಾತ್ರಿಯೇ ಬದಲಿಸಿ. ಬೆಳಗ್ಗೆ ಹೊತ್ತಿಗೆ ಅದು ಮಂಜುಗಡ್ಡೆಯಾಗಿ ಕೂಲರ್ ಸೀಳಿರುತ್ತೆ. ಚೆಲ್ಲಿದ ಗ್ಲೈಕಾಲನ್ನು ಹಾಗೇ ಬಿಡಬೇಡಿ. ಸಿಹಿಯಾಗಿರುತ್ತೆ, ನಾಯಿ ನೆಕ್ಕಿದರೆ ಸಾಯುತ್ತೆ.

ಥರ್ಮೋಸ್ಟಾಟ್, ಪಂಪ್, ಹೆಡ್ ಗ್ಯಾಸ್ಕೆಟ್ ಇವೆಲ್ಲ ಆಮೇಲಿನ ಮಾತು. ಮೆಕ್ಯಾನಿಕ್ ನೋಡಲಿ.

ಹಾಗಾದರೆ ಬೆಳಗ್ಗೆ ಎಂಜಿನ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೇದು ಅಲ್ವಾ?

ತಣ್ಣನೆ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಕೊಡುವುದು ಬಿಸಿ ಎಂಜಿನ್ ಓಡಿಸುವಷ್ಟೇ ಕೆಟ್ಟದ್ದು. ಟು-ಸ್ಟ್ರೋಕ್‌ನಲ್ಲಿ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತೆ. ಸುತ್ತಲಿನ ಸಿಲಿಂಡರ್‌ಗೆ ಇನ್ನೂ ತಣ್ಣನೆ ಕೂಲಂಟ್ ತಾಗುತ್ತಿರುತ್ತೆ, ಅದು ಹಿಗ್ಗಿರಲ್ಲ. ನಡುವಿನ ಸಂದು ಮುಚ್ಚಿಹೋಗಿ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಬಿಚ್ಚಿ ನೋಡಿದರೆ ಪಿಸ್ಟನ್‌ನ ಸುತ್ತ ನಾಲ್ಕು ಕಡೆ ಉದ್ದುದ್ದ ಗೀರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರನ್ನು ಕೇಳಿ, ಎಂಜಿನ್ ಸೀಜ್ ಆದಾಗ ಹಿಂದಿನ ಚಕ್ರ ಲಾಕ್ ಆಗಿ ಜಾರುವುದನ್ನು ಅವರು ಚೆನ್ನಾಗಿ ವಿವರಿಸುತ್ತಾರೆ. ಇಲ್ಲಿ ಲಾಕ್ ಆಗೋದು ಟ್ರ್ಯಾಕ್.

ಸ್ಟಾರ್ಟ್ ಮಾಡಿ ಕೂಲಂಟ್ 40 ಡಿಗ್ರಿಯ ಹತ್ತಿರ ಬರುವವರೆಗೆ ಕಾಯಿರಿ. ಆಮೇಲೂ ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ. ಊಟಕ್ಕೆಂದು ಒಂದು ಗಂಟೆ ನಿಲ್ಲಿಸಿದ ಮೇಲೂ ಇದೇ ಕ್ರಮ. ಊಟ ಮುಗಿಸಿ ನೇರ ಎದುರಿನ ಏರಿಗೆ ನುಗ್ಗುವವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ಬೆಲ್ಟ್ ಪದೇ ಪದೇ ಹರಿಯುತ್ತಿದೆ. ಇದಕ್ಕೂ ಬಿಸಿಗೂ ಸಂಬಂಧ ಇದೆಯಾ?

ಇದೆ, ಆದರೆ ಇದು ಬೇರೆ ಬಿಸಿ. ಎಂಜಿನ್‌ನ ಶಕ್ತಿ ಟ್ರ್ಯಾಕ್‌ಗೆ ಹೋಗುವುದು ಎರಡು ಕ್ಲಚ್‌ಗಳ ನಡುವಿನ ರಬ್ಬರ್ ಬೆಲ್ಟ್ ಮೂಲಕ. ಬೆಲ್ಟ್ ಜಾರಿದರೆ ಕಾಯುತ್ತೆ, ಕಾದರೆ ಹರಿಯುತ್ತೆ. ಕೂಲಂಟ್ ಮೀಟರ್ ಇದರ ಬಗ್ಗೆ ಏನೂ ಹೇಳಲ್ಲ. ಟರ್ಬೊ ಗಾಡಿಗಳು ಬೆಲ್ಟ್ ತಿನ್ನೋದು ಜಾಸ್ತಿ.

ಒಂದು ಹಳೇ ಉಪಾಯ ಹೇಳ್ತೀನಿ. ಜೋರಾದ ಏರು ಹತ್ತಿದ ಮೇಲೆ ಎಂಜಿನ್ ಆಫ್ ಮಾಡಿ, ಸೈಡ್ ಪ್ಯಾನೆಲ್ ತೆಗೆದು ಹಿಂದಿನ ಕ್ಲಚ್ ಮೇಲೆ ಹುಷಾರಾಗಿ ಬೆರಳು ತಾಗಿಸಿ. ಕೈ ಇಟ್ಟುಕೊಂಡಿರಲು ಆದರೆ ಸರಿ. ಚುರ್ ಎಂದು ಕೈ ತೆಗೆದರೆ ಪ್ಯಾನೆಲ್ ತೆರೆದೇ ಹತ್ತು ನಿಮಿಷ ಬಿಡಿ. ಹೊಸ ಬೆಲ್ಟ್ ಹಾಕಿದರೆ ಮೊದಲ 40-50 ಕಿ.ಮೀ. ಮೆಲ್ಲಗೆ ಓಡಿಸಿ. ಒಂದು ಬೆಲ್ಟ್ ಯಾವಾಗಲೂ ಜೊತೆಗಿರಲಿ. ಅದನ್ನು ಬದಲಿಸುವುದನ್ನು ಮನೆಯಲ್ಲೇ, ಗ್ಲೌಸ್ ಹಾಕಿಕೊಂಡು ಅಭ್ಯಾಸ ಮಾಡಿ. ಹರಿದ ಬೆಲ್ಟಿನ ನೂಲು ಕ್ಲಚ್ ಒಳಗೆ ಸುತ್ತಿಕೊಂಡಿದ್ದರೆ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಹೊಸದೂ ಹೋಗುತ್ತೆ.

ಎಂಜಿನ್ ವಿಚಾರ ಸಾಕು. ನಿಜವಾದ ಅಪಾಯ ಯಾವುದು?

ಹಿಮಕುಸಿತ. ಎಂಜಿನ್ ಹಾಳಾದರೆ ಹಣ ಹೋಗುತ್ತೆ, ಇದರಲ್ಲಿ ಹೋಗೋದು ಜೀವ.

ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಲೆಡ್ ಹತ್ತಿಸೋದಕ್ಕೆ ಮಜಾ ಅನಿಸುವ ಇಳಿಜಾರೂ ಅದೇ. ನೀವು ನಿಂತಿರುವ ಜಾಗ ಸಪಾಟಾಗಿರಬಹುದು, ಆದರೆ ಅದು ಮೇಲಿನ ಇಳಿಜಾರಿನ ಬುಡವಾಗಿದ್ದರೆ ಮೇಲಿಂದ ಬರುವುದು ನಿಮ್ಮ ಮೇಲೇ ಬೀಳುತ್ತೆ.

2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಹತ್ತಿರದ ಬೌಲ್ಡರ್ ಬೆಟ್ಟದಲ್ಲಿ ಸುಮಾರು 200 ಜನ ಸೇರಿದ್ದರು. ಯಾರು ಎಷ್ಟು ಎತ್ತರಕ್ಕೆ ಹತ್ತಿಸುತ್ತಾರೆ ಅನ್ನೋ ಅನೌಪಚಾರಿಕ ಸ್ಪರ್ಧೆ. ನೋಡುವವರೆಲ್ಲ ಕೆಳಗೆ ಬುಡದಲ್ಲಿ. ಇಳಿಜಾರು ಕುಸಿಯಿತು. ಇಬ್ಬರು ಸತ್ತರು, 30ರಷ್ಟು ಜನರಿಗೆ ಗಾಯ. ಅಪಾಯ ಹೆಚ್ಚಿದೆ ಎಂಬ ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು.

ಅದಕ್ಕೂ ಮೊದಲು, 2008ರ ಡಿಸೆಂಬರ್ 28ರಂದು ಫರ್ನಿ ಹತ್ತಿರದ ಹಾರ್ವಿ ಪಾಸ್‌ನಲ್ಲಿ ಸ್ಪಾರ್‌ವುಡ್ ಊರಿನ ಹನ್ನೊಂದು ಜನರ ಗುಂಪು ಸಿಕ್ಕಿಬಿತ್ತು. ಮೊದಲ ಕುಸಿತದಲ್ಲಿ ಏಳು ಜನ ಹೂತುಹೋದರು. ಉಳಿದ ನಾಲ್ವರು ಅವರನ್ನು ಅಗೆದು ತೆಗೆಯುತ್ತಿರುವಾಗಲೇ ಮತ್ತೊಂದು ಕುಸಿತ ಬಂತು. ಒಟ್ಟು ಎಂಟು ಜನ ವಾಪಸ್ ಬರಲಿಲ್ಲ.

ಈ ಎರಡು ಘಟನೆಗಳಿಂದಲೇ ಬಹುಪಾಲು ನಿಯಮಗಳು ತಿಳಿಯುತ್ತವೆ. ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ. ಉಳಿದವರು ಬುಡದಲ್ಲಲ್ಲ, ಪಕ್ಕದಲ್ಲಿ, ಕುಸಿತ ತಲುಪದ ಕಡೆ, ಗಾಡಿಯ ಮುಖ ಹೊರಗೆ ತಿರುಗಿಸಿ ನಿಲ್ಲಬೇಕು. ಎಲ್ಲರೂ ಒಂದೇ ಕಡೆ ಗುಂಪಾಗಬಾರದು. ಅಗೆಯಲು ಹೋಗುವ ಮೊದಲು ಮೇಲೆ ಇನ್ನೇನು ಉಳಿದಿದೆ ನೋಡಬೇಕು. ಎಂಜಿನ್ ತಣ್ಣಗಾಗಿಸೋದಕ್ಕೆ ನಿಲ್ಲಿಸುವಾಗಲೂ ಇದೇ ಮಾತು. ಗಾಡಿ ಕುದಿಯುತ್ತಿದ್ದರೂ ಸರಿ, ಬುಡದಿಂದ ಆಚೆ ದಾಟಿಸಿ ನಿಲ್ಲಿಸಿ.

ಏನೇನು ಸಲಕರಣೆ ಬೇಕು?

ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ ಕೋಲು (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ. ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಕುಸಿತದಲ್ಲಿ ಉಬ್ಬಿ ನಿಮ್ಮನ್ನು ಹಿಮದ ಮೇಲೆ ಉಳಿಸಲು ನೆರವಾಗುವ ಏರ್‌ಬ್ಯಾಗ್ ಚೀಲ ಇದ್ದರೆ ಒಳ್ಳೆಯದು, ಆದರೆ ಅದು ಈ ಮೂರಕ್ಕೆ ಬದಲಿಯಲ್ಲ.

ಟ್ರಾನ್ಸೀವರ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತೆ, ಯಾವ ಕಂಪನಿಯದಾದರೂ ಒಂದೇ. ಅದನ್ನು ಮೈಗೆ ಕಟ್ಟಿಕೊಳ್ಳಬೇಕು, ಗಾಡಿಯ ಚೀಲದಲ್ಲಿಟ್ಟರೆ ಗಾಡಿ ಸಿಗುತ್ತೆ, ನೀವು ಸಿಗಲ್ಲ. ಫೋನ್, ಬಿಸಿ ಮಾಡುವ ಗ್ಲೌಸ್, ಕ್ಯಾಮೆರಾ ಇವೆಲ್ಲ ಅದರಿಂದ ಕನಿಷ್ಠ 20 ಸೆಂ.ಮೀ. ದೂರವಿರಲಿ, ಹುಡುಕುವಾಗ 50 ಸೆಂ.ಮೀ. ಹುಡುಕಾಟದ ವೇಳೆ ಗಾಡಿಗಳ ಎಂಜಿನ್ ಆಫ್ ಮಾಡಿ. ಸಲಿಕೆ, ಪ್ರೋಬ್ ಕೂಡ ಬೆನ್ನ ಮೇಲಿರಲಿ. ಗಾಡಿಗೆ ಕಟ್ಟಿದ ಸಲಿಕೆ ಗಾಡಿಯ ಜೊತೆ ಹೋಗುತ್ತೆ.

ಹೂತುಹೋದವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಆಮೇಲೆ ಆ ಸಾಧ್ಯತೆ ಕಡಿದಾಗಿ ಬೀಳುತ್ತೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರಲ್ಲ. ಜೊತೆಗಿರುವವರೇ ಕಾಪಾಡಬೇಕು, ಹಾಗಾಗಿ ನಿಮ್ಮ ಟ್ರಾನ್ಸೀವರ್‌ಗಿಂತ ನಿಮ್ಮ ಗೆಳೆಯನಿಗೆ ಅದನ್ನು ಬಳಸಲು ಬರುತ್ತಾ ಅನ್ನೋದು ಮುಖ್ಯ. ಕೆನಡಾದಲ್ಲಿ ಎಎಸ್‌ಟಿ 1 (ಅವಲಾಂಚ್ ಸ್ಕಿಲ್ಸ್ ಟ್ರೇನಿಂಗ್) ಅನ್ನೋ ಹಿಮಕುಸಿತದ ತರಬೇತಿ ಇದೆ, ಸ್ಲೆಡ್ ಓಡಿಸುವವರಿಗೆಂದೇ ನಡೆಸುವವರೂ ಇದ್ದಾರೆ. ಟರ್ಬೊಗೆ ಇಟ್ಟಿರುವ ದುಡ್ಡಲ್ಲಿ ಮೊದಲು ಅದನ್ನು ಮಾಡಿ.

ಹೊರಡುವ ಮುನ್ನ ಮುನ್ಸೂಚನೆ ಓದಿ. ಕೆನಡಾದಲ್ಲಿ ಅವಲಾಂಚ್ ಕೆನಡಾ, ವಾಷಿಂಗ್ಟನ್ ರಾಜ್ಯದಲ್ಲಿ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್, ಕೊಲರಾಡೊದಲ್ಲಿ ಅಲ್ಲಿನ ಅವಲಾಂಚ್ ಇನ್ಫರ್ಮೇಶನ್ ಸೆಂಟರ್ ಅದನ್ನು ಕೊಡುತ್ತವೆ. ಅಪಾಯದ ಮಟ್ಟ 1ರಿಂದ 5. ಮಟ್ಟ 3 ಮಧ್ಯದ್ದಲ್ವಾ, ಪರವಾಗಿಲ್ಲ ಅಂತ ಹೊರಡುತ್ತಾರೆ. ಮಟ್ಟ 3 ಅಂದರೆ ಮನುಷ್ಯರ ಓಡಾಟದಿಂದಲೇ ಕುಸಿತ ಆಗುವ ಸಾಧ್ಯತೆ ಹೆಚ್ಚಿದೆ ಎಂದರ್ಥ. ಹೊಸಬರಿಗೆ ಆ ದಿನ ಕಾಡಿನ ದಾರಿ, ಸಪಾಟು ಬಯಲು ಸಾಕು.

ಗೆಳೆಯ ಇಳಿಜಾರಿನ ನಡುವೆ ಸಿಕ್ಕಿಹಾಕಿಕೊಂಡ. ಸಹಾಯಕ್ಕೆ ಹೋಗಲಾ?

ಹೋಗಬೇಡಿ. ಅವನೇ ಬಿಡಿಸಿಕೊಳ್ಳಲಿ. ನೀವೂ ಹತ್ತಿದರೆ ಅದೇ ಹಿಮದ ಮೇಲೆ ಇನ್ನೊಂದು 250 ಕೆ.ಜಿ. ಬೀಳುತ್ತೆ, ಕುಸಿದರೆ ಅಗೆಯುವವನೊಬ್ಬ ಕಡಿಮೆಯಾಗುತ್ತಾನೆ. ಇದನ್ನು ಬೆಳಗ್ಗೆ ಹೊರಡುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಬೇಸರ ಬೇಡ.

ಸಪಾಟು ಜಾಗದಲ್ಲಿ ಹೂತುಕೊಂಡರೆ ಹೇಗೆ ಬಿಡಿಸೋದು?

ಥ್ರಾಟಲ್ ಒತ್ತಿ ಟ್ರ್ಯಾಕ್ ತಿರುಗಿಸುತ್ತಾ ಹೋದರೆ ಇನ್ನೂ ಕೆಳಗೆ ಇಳಿಯುತ್ತೆ. ಮೊದಲು ಗಾಡಿಯ ಮುಂದೆ ಒಂದೆರಡು ಮೀಟರ್ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ. ಕಾಲಿಡುವ ಹಲಗೆಯ ಮೇಲಿನದನ್ನೂ ಅಡಿಯದನ್ನೂ ಸಲಿಕೆಯಿಂದ ತೆಗೆಯಿರಿ. ಒಬ್ಬರು ಸ್ಕೀ ಹಿಡಿದು ಎಳೆಯಲಿ, ಇನ್ನೊಬ್ಬರು ಮೆಲ್ಲಗೆ ಥ್ರಾಟಲ್ ಕೊಡಲಿ. ಟ್ರ್ಯಾಕ್‌ನ ಹಿಂದೆ ಯಾರೂ ನಿಲ್ಲಬಾರದು. ಒಬ್ಬರೇ ಇದ್ದರೆ ಗಾಡಿಯನ್ನು ಮಗ್ಗುಲಿಗೆ ಉರುಳಿಸಿ, ಹಿಂಭಾಗ ಎತ್ತಿ, ಮುಖ ತಗ್ಗಿನ ಕಡೆ ತಿರುಗಿಸಿ. ಗುಣಿಯೊಳಗೆ ಎಂಜಿನ್ ಓಡಿಸಿಕೊಂಡು ಅಗೆಯಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲ್ಲೇ ನಿಲ್ಲುತ್ತೆ.

ಹೊಸಬರು ಮೊದಲು ಕಲಿಯಬೇಕಾದ್ದು ಏನು?

ಬೆರಳಿನ ನಿಯಂತ್ರಣ. ಥ್ರಾಟಲ್ ಇರುವುದು ಬಲಗೈ ಹೆಬ್ಬೆರಳಿಗೆ. ಹೆದರಿದಾಗ ಮುಷ್ಟಿ ಬಿಗಿಯಾಗುತ್ತೆ, ಬಿಗಿಯಾದರೆ ಥ್ರಾಟಲ್ ಇನ್ನೂ ಒತ್ತಿಹೋಗುತ್ತೆ. ಅದಕ್ಕೇ ಟೆದರ್ ದಾರವನ್ನು ಜಾಕೆಟ್‌ಗೆ ಸಿಕ್ಕಿಸಿಕೊಳ್ಳದೆ ಸ್ಟಾರ್ಟ್ ಮಾಡಬೇಡಿ. ನೀವು ಬಿದ್ದರೆ ಅದು ಕಳಚಿ ಎಂಜಿನ್ ನಿಲ್ಲುತ್ತೆ. ಸ್ಟಾರ್ಟ್ ಮಾಡುವ ಮೊದಲು ಥ್ರಾಟಲ್ ಒಮ್ಮೆ ಒತ್ತಿ ಬಿಡಿ, ಹಿಮ ಕಟ್ಟಿಕೊಂಡು ಅಂಟಿಲ್ಲ ತಾನೇ ನೋಡಿ.

ಆಮೇಲೆ ಓರೆ ಇಳಿಜಾರಿನಲ್ಲಿ ಅಡ್ಡ ಓಡಿಸುವುದು. ಬೆಟ್ಟದ ಕಡೆಯ ಹಲಗೆಯ ಮೇಲೆ ಭಾರ ಹಾಕಿ ಗಾಡಿಯನ್ನು ಮೇಲಿನ ಮಗ್ಗುಲಿಗೆ ವಾಲಿಸಬೇಕು. ಹ್ಯಾಂಡಲ್ ಅನ್ನು ಕೆಳಗಿನ ದಿಕ್ಕಿಗೆ ಸ್ವಲ್ಪ ತಿರುಗಿಸಬೇಕು. ಓದಿದರೆ ತಲೆ ಕೆಡುತ್ತೆ. ಗೊತ್ತಿರುವವರ ಹಿಂದೆ ಅರ್ಧ ದಿನ ಸುತ್ತಿದರೆ ಮೈಗೆ ಬರುತ್ತೆ.

ಮರಗಳ ನಡುವೆ ಹೋಗುವಾಗ ಕೋನಿಫರ್ (ಪೈನ್, ಫರ್ ಜಾತಿಯ) ಮರದ ಬುಡದಿಂದ ದೂರವಿರಿ. ತಗ್ಗಾದ ಕೊಂಬೆಗಳ ಕೆಳಗೆ ಹಿಮ ಟೊಳ್ಳಾಗಿರುತ್ತೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರುವುದು ಕಷ್ಟ. ಒಬ್ಬರೇ ಹೋಗಲೇಬಾರದು ಅನ್ನೋದಕ್ಕೆ ಇದೊಂದೇ ಕಾರಣ ಸಾಕು.

ಪೆಟ್ರೋಲು, ಊಟ, ಫೋನು?

ಮೊಬೈಲ್ ಸಿಗ್ನಲ್ ಇರಲ್ಲ. ಎಸ್‌ಒಎಸ್ ಗುಂಡಿ ಇರುವ ಸ್ಯಾಟಲೈಟ್ ಸಾಧನ ಗುಂಪಿಗೆ ಒಂದಾದರೂ ಇರಲಿ. ಆಳ ಹಿಮದಲ್ಲಿ ಪೆಟ್ರೋಲು ದಾರಿಯ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಕುಡಿಯುತ್ತೆ. ಮೂರನೇ ಒಂದು ಪಾಲು ಹೋಗೋದಕ್ಕೆ, ಒಂದು ಪಾಲು ಬರೋದಕ್ಕೆ, ಇನ್ನೊಂದು ಪಾಲು ಆಪತ್ತಿಗೆ. ಟು-ಸ್ಟ್ರೋಕ್ ಎಣ್ಣೆಯೂ ಒಂದು ಬಾಟಲಿ ಜೊತೆಗಿರಲಿ.

ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತೆ. ಉಣ್ಣೆ ಅಥವಾ ಸಿಂಥೆಟಿಕ್ ಒಳ್ಳೆಯದು. ಊಟದ ಬಗ್ಗೆ: ಕಡಲೆಮಿಠಾಯಿ ಮೈನಸ್ 15ರಲ್ಲಿ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತೆ, ಒಳಜೇಬಿನಲ್ಲಿಟ್ಟುಕೊಳ್ಳಿ. ಸೈಲೆನ್ಸರ್‌ಗೆ ಜೋಡಿಸುವ ಚಿಕ್ಕ ಅಲ್ಯೂಮಿನಿಯಂ ಡಬ್ಬಿ ಅಂಗಡಿಯಲ್ಲಿ ಸಿಗುತ್ತೆ. ಫಾಯಿಲ್‌ನಲ್ಲಿ ಸುತ್ತಿದ ಚಪಾತಿ, ಆಲೂಗಡ್ಡೆ ಪಲ್ಯ ಅದರಲ್ಲಿಟ್ಟರೆ ಮಧ್ಯಾಹ್ನಕ್ಕೆ ಹಬೆಯಾಡುತ್ತಿರುತ್ತೆ. ಎಂಜಿನ್ ಬಿಸಿಯಿಂದ ಆಗುವ ಒಂದೇ ಒಂದು ಉಪಕಾರ ಇದು.

ಎಲ್ಲಿ ಬೇಕಾದರೂ ಓಡಿಸಬಹುದಾ?

ಇಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಟ್ಟದ ಕ್ಯಾರಿಬೂ ಜಿಂಕೆಗಳಿಗಾಗಿ ಎಷ್ಟೋ ಪ್ರದೇಶ ಮುಚ್ಚಿದ್ದಾರೆ, ದಂಡ ದೊಡ್ಡದು. ರೆವೆಲ್‌ಸ್ಟೋಕ್‌ನಂಥ ಕಡೆ ಸ್ಥಳೀಯ ಕ್ಲಬ್‌ಗಳು ದಾರಿ ನೋಡಿಕೊಳ್ಳುತ್ತವೆ, ಅದಕ್ಕೆ ಶುಲ್ಕವಿದೆ. ಮುಚ್ಚಿದ ಜಾಗಗಳ ನಕ್ಷೆ ಅವರ ಹತ್ತಿರವೇ ಸಿಗುತ್ತೆ.

ಬಾಡಿಗೆಗೆ ತೆಗೆದುಕೊಂಡರೆ ಏನು ಗಮನಿಸಬೇಕು?

ಎಂಜಿನ್ ಸೀಜ್ ಆದರೆ, ಬೆಲ್ಟ್ ಹರಿದರೆ ಯಾರ ತಲೆಗೆ ಅಂತ ಕರಾರಿನಲ್ಲಿ ಓದಿ. ಹೆಚ್ಚಿನ ಕಡೆ ನಿಮ್ಮ ತಲೆಗೇ. ಸ್ಕ್ರ್ಯಾಚರ್ ಇದೆಯಾ, ಬಿಡಿ ಬೆಲ್ಟ್ ಇದೆಯಾ ಕೇಳಿ. ಹೊರಡುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೋ ಮಾಡಿಕೊಳ್ಳಿ.

ದಿನ ಮುಗಿಸಿ ಬಂದ ಮೇಲೆ?

ಟನಲ್ ಒಳಗೆ ಕಟ್ಟಿಕೊಂಡ ಹಿಮ, ಮಂಜುಗಡ್ಡೆಯನ್ನು ಆಗಲೇ ಬಡಿದು ಉದುರಿಸಿ. ರಾತ್ರಿ ಹೊರಗೆ ನಿಲ್ಲಿಸುವುದಾದರೆ ಟ್ರ್ಯಾಕ್ ಕೆಳಗೆ ಎರಡು ಹಲಗೆ ಕೊಡಿ, ಇಲ್ಲದಿದ್ದರೆ ಬೆಳಗ್ಗೆ ನೆಲಕ್ಕೆ ಹೆಪ್ಪುಗಟ್ಟಿರುತ್ತೆ. ಮುಚ್ಚಿದ ಟ್ರೇಲರ್ ಒಳಗೆ ಎಂಜಿನ್ ಓಡಿಸಿಕೊಂಡು ನಿಲ್ಲಬೇಡಿ. ಎಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಕೂಲಂಟ್ ಬಾಟಲಿ ನೋಡಿ, ಮಟ್ಟ ಬೆಳಗ್ಗೆ ಇದ್ದಲ್ಲೇ ಇರಬೇಕು. ಹೈಫ್ಯಾಕ್ಸ್ ಪಟ್ಟಿಯ ಮೇಲೆ ಸವೆತದ ಗುರುತಿನ ಗೆರೆ ಇರುತ್ತೆ. ಅದನ್ನು ಮುಟ್ಟಿದ್ದರೆ ನಾಳೆ ಹೊರಡುವ ಮೊದಲೇ ಬದಲಿಸಿ.